ಪಕ್ಕದ ಮಂಚದ ಕೂಸು

ಸೀರಿಯಲ್‌ನಲ್ಲಿ ಮುಂದೇನಾಗುತ್ತದೆ ಎಂದು ಮೊದಲೇ ಹೇಳುವುದರಲ್ಲಿ ಅಮೀನಾಳನ್ನು ಮೀರಿಸುವವರು ಇಡೀ ಮೋಮಿನಪುರದಲ್ಲಿ ಇರಲಿಲ್ಲ. ಸೊಸೆ ಅಳುತ್ತಾ ಬ್ಯಾಗು ಹಿಡಿದು ಹೊರಟಳೆಂದರೆ, "ಎಲ್ಲೂ ಹೋಗಂಗಿಲ್ಲ ನೋಡ್ರಿ, ಗೇಟಿನ ತನಕ ಹೋಗಿ ತಲಿ ತಿರುಗಿ ಬೀಳ್ತಾಳ" ಎಂದು ಕ್ರೋಶಾ ಕಡ್ಡಿಯಿಂದ ಕಣ್ಣೆತ್ತದೆಯೇ ಹೇಳುತ್ತಿದ್ದಳು. ಸೊಸೆ ಗೇಟಿನ ತನಕ ಹೋಗಿ, ಹೇಳಿ ಮಾಡಿಸಿದ ಹಾಗೆ ಬೀಳುತ್ತಿದ್ದಳು. ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಗಂಡ ಹಮೀದ್, "ಈಕೀನ ಬೆಂಗಳೂರಿಗೆ ಕಳಸ್ರಪ್ಪಾ, ಕತಿ ಬರಿಯೋರ ಪಗಾರ ಉಳೀತದ" ಎಂದು ನಗುತ್ತಿದ್ದ.

ಅಕ್ಟೋಬರ್ ತಿಂಗಳಲ್ಲಿ ಕಲಬುರಗಿಗೆ ಅಂಥ ಅವಸರವೇನೂ ಇರುವುದಿಲ್ಲ. ಮಳೆ ಹೋಗಿರುತ್ತದೆ, ಚಳಿ ಇನ್ನೂ ಬಂದಿರುವುದಿಲ್ಲ, ಬಿಸಿಲಿಗೂ ಬೈಯುವಷ್ಟು ಬಿಸಿಯಿರುವುದಿಲ್ಲ. ಮದುವೆಗಳು ದೂರವಿರುವುದರಿಂದ ದರ್ಜಿ ಹಮೀದನಿಗೆ ಕೆಲಸ ಕಮ್ಮಿ. ಅವನು ಅರ್ಧ ದಿನ ಹಳೇ ರೇಡಿಯೋದ ಹೊಟ್ಟೆ ಬಿಚ್ಚಿ ಕೂರುತ್ತಿದ್ದ. ಮಗಳು ಅಲ್ಫಿಯಾ ಖಾಸಗಿ ಶಾಲೆಯೊಂದರಲ್ಲಿ ಟೀಚರು, ದಸರಾ ರಜೆ. ಅವಳು ಪಕ್ಕದ ಮನೆ ಹಾಜಿರಾಳ ಜೊತೆ ಸೇರಿ ಹೊಸ ಹೊಸ ಮೆಹಂದಿ ಚಿತ್ತಾರ ಕಲಿಯುತ್ತಿದ್ದಳು. ಅಮೀನಾಳಿಗೆ ಮಧ್ಯಾಹ್ನ ಕ್ರೋಶಾ, ಸಂಜೆ ಸೀರಿಯಲ್ಲು. ಮನೆಯ ಮಾತು ದಖ್ಖನಿಯಾದರೂ ಅವಳು ಹುಟ್ಟಿ ಬೆಳೆದದ್ದು ಕಮಲಾಪುರದ ಕನ್ನಡದವರ ಓಣಿಯಲ್ಲಿ. ಬೈಯಲು, ನಗಲು, ಟಿವಿ ನೋಡಲು ಅವಳಿಗೆ ಕನ್ನಡವೇ ಬೇಕು. ಇಪ್ಪತ್ತೆಂಟು ವರ್ಷ ಅವಳ ಜೊತೆ ಬಾಳಿದ ಗಂಡನಿಗೂ, ಅವಳ ಕೈಯಲ್ಲಿ ಬೆಳೆದ ಮಕ್ಕಳಿಗೂ ಅದೇ ರೂಢಿಯಾಗಿಬಿಟ್ಟಿತ್ತು.

ಆ ವರ್ಷ ಅವರ ಮನೆಯಲ್ಲಿ ಸಂಭ್ರಮವೂ ಇತ್ತು. ಅಲ್ಫಿಯಾಳಿಗೆ ಕಮಲಾಪುರದ ಫೈಜಾನ್ ಜೊತೆ ಮಂಗನಿ ಆಗಿತ್ತು, ಡಿಸೆಂಬರಿನಲ್ಲಿ ನಿಕಾಹ್. ಹುಡುಗ ಲೈನ್‌ಮನ್. ಮೂರು ಸಂಬಂಧಗಳಿಗೆ ಮೂಗು ಮುರಿದಿದ್ದ ಅಲ್ಫಿಯಾ ಈ ಹುಡುಗನನ್ನು ಒಂದೇ ಮಾತಿಗೆ ಒಪ್ಪಿದ್ದಳು. ಅವರಿಬ್ಬರಿಗೂ ಉರ್ದುವಿಗೆ ಡಬ್ ಮಾಡಿದ ಒಂದು ತುರ್ಕಿ ಧಾರಾವಾಹಿಯ ಹುಚ್ಚು. ಫೈಜಾನ್ ಕಂಬ ಇಳಿದವನೇ ಫೋನಿನಲ್ಲಿ ಒಂದು ಭಾಗ ನೋಡಿ, ನಾಯಕನನ್ನು ಅಣಕಿಸಿ ಧ್ವನಿ ಕಳಿಸುತ್ತಿದ್ದ. ಅಲ್ಫಿಯಾ ಅದನ್ನು ಕಿವಿಗೆ ಹಚ್ಚಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಹತ್ತನೇ ಕ್ಲಾಸು ದಾಟಿದ ಮೇಲೆ ಈ ಹುಡುಗಿ ಹೀಗೆ ನಕ್ಕದ್ದನ್ನು ಅಮೀನಾ ನೋಡಿರಲಿಲ್ಲ. ಮಗಳು ಹಾಗೆ ನಕ್ಕಾಗಲೆಲ್ಲ ತಾಯಿ ಗೋಡೆಗೆ ಮುಖ ತಿರುಗಿಸಿ ದೃಷ್ಟಿ ತೆಗೆಯುತ್ತಿದ್ದಳು.

ಆಗ ಅಮೀನಾಳ ಸೀರಿಯಲ್‌ನಲ್ಲಿ ಹೊಸ ತಿರುವು ಬಂದಿತ್ತು. ದವಾಖಾನೆಯಲ್ಲಿ ಎರಡು ಕೂಸುಗಳು ಅದಲುಬದಲಾಗಿ, ಈಗ ಬೆಳೆದು ಒಂದೇ ಕಾಲೇಜಿಗೆ ಹೋಗುತ್ತಿದ್ದವು.

"ಥೂ ಇವರ! ಕೂಸು ಅದಲುಬದಲು ಆಗ್ಲಾಕ ಇದೇನು ಸಂತ್ಯಾಗಿನ ಬದನಿಕಾಯಿ ಏನು?" ಎಂದು ಅಮೀನಾ ಟಿವಿಗೇ ಬೈದಳು. "ಇಂಥಾದ್ದೆಲ್ಲಾ ಸೀರಿಯಲ್‌ದಾಗೇ ಆಗ್ತದ. ಖರೇ ಬಾಳ್ವಿದಾಗ ಎಲ್ಯರೆ ಕಂಡೀರೇನು?"

ಕಂಡೀರೇನು ಎಂದು ಕೇಳಿದ ಮೂರನೇ ದಿನಕ್ಕೆ ಅವಳು ಕಮಲಾಪುರದ ಬಸ್ಸು ಹತ್ತಿದಳು. ಫೈಜಾನನ ತಾಯಿ ಮರಿಯಮ್ ಫೋನು ಮಾಡಿ, "ಖೋಲಿಗೆ ಸುಣ್ಣ ಬಣ್ಣ ಆಗ್ಯಾದ ಆಪಾ, ಬಂದು ನೋಡಿ ಹೋಗ್ರಿ. ಅಲ್ಫಿಯಾಗ ಬಣ್ಣ ಸೇರ್ತದೋ ಇಲ್ಲೋ" ಎಂದಿದ್ದಳು. ಮಂಗನಿಯಾದ ಹುಡುಗಿ ಗಂಡಿನ ಮನೆಗೆ ಕಾಲಿಡುವಂತಿಲ್ಲ. ಅದಕ್ಕೇ ತಾಯಿಯ ಕಣ್ಣಿಂದಲೇ ನೋಡಿಸುವ ಏರ್ಪಾಡು. ಮಹಾಗಾಂವ ಕ್ರಾಸ್ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿತ್ತು. ಅಮೀನಾ ಕಿಟಕಿಗೆ ತಲೆ ಆನಿಸಿ ಕುಳಿತಳು. ತನ್ನ ತವರೂರಿಗೇ ಮಗಳನ್ನು ಕೊಡುತ್ತಿದ್ದೇನಲ್ಲ ಎಂದು ಅವಳಿಗೆ ಹೆಮ್ಮೆ. ತಂದೆತಾಯಿ ಹೋಗಿ ತಮ್ಮ ಹೈದರಾಬಾದ್ ಸೇರಿ, ಆ ಊರಲ್ಲಿ ಅವಳದೆನ್ನುವ ಬಾಗಿಲು ಒಂದೂ ಉಳಿದಿರಲಿಲ್ಲ. ಈಗ ಒಂದು ತೆರೆಯುತ್ತಿತ್ತು.

ಖೋಲಿಗೆ ತಿಳಿ ಹಸಿರು ಹಚ್ಚಿದ್ದರು. ಮಂಚದ ಎದುರಿನ ಗೋಡೆಗೆ ಹೊಸ ಟಿವಿ.

"ಫೈಜೂನೇ ತಂದು ತಾನೇ ಗೋಡಿಗೆ ಹೊಡದಾನ" ಎಂದಳು ಮರಿಯಮ್. "ನಿಮ್ಮ ಮಗಳಿಗೆ ಫೋನಿನ್ಯಾಗ ನೋಡಿ ನೋಡಿ ಕಣ್ಣು ನೋಯ್ತಾವಂತ. ಈಗೇ ಇಷ್ಟು ಕಾಳಜಿ, ನನಗ ಒಂದು ದಿನರೆ ಕೇಳ್ಯಾನೇನು?"

ಇಬ್ಬರೂ ನಕ್ಕರು. ಅಮೀನಾಳ ಕಣ್ಣು ತುಂಬಿತು. ಯಾ ಅಲ್ಲಾಹ್, ನನ್ನ ಹುಡುಗಿ ಪುಣ್ಯವಂತಳು ಎಂದುಕೊಂಡಳು.

ಊಟವಾಗುವ ಹೊತ್ತಿಗೆ ಹಿತ್ತಲ ಬಾಗಿಲಿಂದ ಒಬ್ಬ ಅಜ್ಜಿ ಒಳಗೆ ಬಂದರು. ಬಿಳಿಯ ಕೂದಲು, ಹಣೆಯಲ್ಲಿ ದೊಡ್ಡ ಕುಂಕುಮ, ಕಚ್ಚೆಯ ಸೀರೆ. ಬಂದವರೇ ಪಡಸಾಲೆಯ ಟಿವಿಯ ಎದುರಿನ ಮಣೆಯ ಮೇಲೆ ಕುಳಿತರು.

"ನಮ್ಮ ಭಾಗೀರಥಿಕಾಕು" ಎಂದು ಮರಿಯಮ್ ಪರಿಚಯ ಹೇಳಿದಳು. "ಮಹಾಗಾಂವದಾಗ ನಮ್ಮಿಬ್ಬರ ಮನಿಗೂ ಒಂದೇ ಗೋಡಿ ಇತ್ತು. ಅವರ ಮಗ ಬಂಡು ಮಾಸ್ತರ್ರು ಇಲ್ಲಿಗೆ ಬಂದ್ರು, ಅವರ ಬೆನ್ನಿಗೆ ನಾವೂ ಬಂದ್ವಿ. ಮಂಗನಿ ದಿನ ಕಾಕು ಸೊಲ್ಲಾಪುರದಾಗ ಮಗಳ ಮನ್ಯಾಗ ಇದ್ರು, ಅದಕ್ಕ ನೀವು ನೋಡಿಲ್ಲ."

"ಮನ್ಯಾಗ ಬಂಡುಂದು ಕ್ರಿಕೆಟ್ಟು ನಡದದ" ಎಂದರು ಭಾಗೀರಥಿಬಾಯಿ. "ಅದಕ್ಕ ಮಧ್ಯಾಹ್ನ ಸೀರಿಯಲ್ ಮತ್ತ ತೋರಸ್ತಾರಲ್ಲ, ಇಲ್ಲೇ ಬಂದು ನೋಡ್ತೀನಿ."

ಮರಿಯಮ್ ಚಹಾ ತರಲೇ ಎಂದು ಬೇಕೆಂದೇ ಕೇಳಿ ಕಣ್ಣು ಮಿಟುಕಿಸಿದಳು. ಈ ಮನೆಯಲ್ಲಿ ಆ ಅಜ್ಜಿ ಗುಟುಕು ನೀರನ್ನೂ ಮುಟ್ಟುವುದಿಲ್ಲವಂತೆ.

"ಟಿವಿಗಿ ಮಡಿ ಇಲ್ಲೇನ್ರಿ ಕಾಕು?" ಎಂದು ಅಮೀನಾಳೂ ಕೆಣಕಿದಳು.

"ಟಿವಿ ನಾ ಏನು ತಿಂತೀನೇನು?" ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕರು. "ಅದಲ್ಲದ ಈ ತಿಂಗಳು ನನಗ ಹಾಲಿನ ವ್ರತ. ಚಾತುರ್ಮಾಸದಾಗ ಆಶ್ವೀಜಕ್ಕ ಹಾಲು ಮುಟ್ಟಂಗಿಲ್ಲ. ಮನ್ಯಾಗೂ ಕರೀ ಚಹಾನೇ."

ಅಮೀನಾಳಿಗೆ ಅಜ್ಜಿ ಹಿಡಿಸಿದರು. ಕ್ರೋಶಾ ಚೀಲದಿಂದ ದಾರ ತೆಗೆದು, ಮಗಳ ಖೋಲಿಯ ಆ ಟಿವಿಗೆ ಒಂದು ಹೊದಿಕೆ ಹೆಣೆಯಲು ಶುರುಮಾಡಿ ಅಜ್ಜಿಯ ಪಕ್ಕ ಕುಳಿತಳು. ಸೀರಿಯಲ್‌ನಲ್ಲಿ ಇಬ್ಬರು ತಾಯಂದಿರು ಎದುರುಬದುರು ನಿಂತಿದ್ದರು. ಒಬ್ಬಳು ಇನ್ನೊಬ್ಬಳ ಮಗನ ಮುಖವನ್ನೇ ನೋಡುತ್ತಿದ್ದಳು, ಸಂಗೀತ ಢಂ ಢಂ ಎಂದು ಬಡಿಯುತ್ತಿತ್ತು.

"ಈಗ ಜಾಹೀರಾತು ಬಿಡ್ತಾರ" ಎಂದಳು ಅಮೀನಾ. ಬಿಟ್ಟರು.

"ಏ, ಇದೇನು ಮಹಾ ಕತಿ!" ಎಂದರು ಭಾಗೀರಥಿಬಾಯಿ. "ನಮ್ಮ ಫೈಜೂಂದು ಇದಕ್ಕಿಂತಾ ದೊಡ್ಡ ಕತಿ ಅದ. ಹೇಳಿಲ್ಲೇನ ಮರಿಯಮ್, ಬೀಗತಿಗೆ?"

"ನೀವೇ ಹೇಳ್ರಿ ಕಾಕು, ನನಗೇನು ಎಚ್ಚರ ಇತ್ತು?"

ಅಜ್ಜಿ ಮಣೆಯನ್ನು ಅಮೀನಾಳ ಕಡೆಗೆ ತಿರುಗಿಸಿಕೊಂಡರು. "ಈಕಿಗಿ ಬ್ಯಾನಿ ಶುರು ಆದಾಗ ಮನ್ಯಾಗ ಗಂಡಸರು ಯಾರೂ ಇರ್ಲಿಲ್ಲ. ಈಕಿ ಅತ್ತಿನೂ ನಾನೂ ಟೆಂಪೋದಾಗ ಹಾಕ್ಕೊಂಡು ಇಲ್ಲಿ ದವಾಖಾನಿಗೆ ತಂದ್ವಿ. ಕೂಸೇನೋ ಹೊರಗ ಬಂತು, ಈಕಿಗಿ ರಕ್ತ ನಿಲ್ಲವಲ್ದು. ಕೈಕಾಲು ಥಂಡಿ ಆಗಿ, ಹೆಣ ಆದಂಗ ಆಗಿದ್ಲು. ಆಗಿಂದಾಗೇ ಕಲಬುರಗಿಗೆ ಒಯ್ದರು, ಅತ್ತಿ ಜೋಡಿ ಹೋದ್ಲು. ಕೂಸು ನನ್ನ ಕೈಯಾಗ! ಬಾಟ್ಲಿ ಬಾಯಾಗ ಇಟ್ರ ಉಗಳ್ತದ, ಅತ್ತು ಅತ್ತು ನೀಲಿ ಆಗ್ಲಾಕತ್ತದ. ನರ್ಸಬಾಯಿ ಅಂದ್ಲು, ಪಕ್ಕದ ಮಂಚದಾಗ ಹಸಿ ಬಾಣಂತಿ ಇದ್ದಾಳ, ಕೈಮುಗಿದು ಕೇಳ್ರಿ ಅಂತ."

ಅಮೀನಾಳ ಕೈಯಲ್ಲಿ ಕಡ್ಡಿ ನಿಂತಿತು.

"ಕೇಳೋದೇನು, ನಾ ಬಾಯಿ ತೆರೆಯೋದ್ರಾಗ ಆ ಹುಡುಗಿ ಎರಡೂ ಕೈ ಚಾಚಿದ್ಲು. ಎರಡು ದಿನ, ತನ್ನ ಕೂಸಿನ ಜೋಡಿ ನಮ್ಮದಕ್ಕೂ ಕುಡಿಸಿದ್ಲು. ಆಕಿ ಇರ್ಲಿಲ್ಲಂದ್ರ ಈ ಲೈನ್‌ಮನ್ ಸಾಹೇಬ್ರು ಇವತ್ತ ಎಲ್ಲಿ ಇರ್ತಿದ್ರು?"

"ಕಾಕು ಅವರ ಮಂದಿಯಾಕಿನೇ ಯಾರೋ, ಆಪಾ" ಎಂದಳು ಮರಿಯಮ್, ತಟ್ಟೆಗಳನ್ನು ಎತ್ತುತ್ತಾ. "ನಾ ಹುಷಾರಾಗಿ ಬರೋದ್ರಾಗ ಆಕಿ ಮನಿಗೆ ಹೋಗಿದ್ಲು. ಅಲ್ಲಾಹ್ ಆಕೀನ ಚೆಂದಾಗಿ ಇಟ್ಟಿರಲಿ."

"ಯಾವ ಮಂದಿಯೋ ಏನೋ, ಅಳೋ ಕೂಸು ಕೈಯಾಗ ಹಿಡಕೊಂಡು ಅದನ್ನ ಯಾರು ಕೇಳ್ತಾರ?" ಎಂದರು ಅಜ್ಜಿ.

ಅಮೀನಾಳಿಗೆ ಎಲ್ಲವೂ ಒಮ್ಮೆಲೇ ಕಣ್ಣಿಗೆ ಕಟ್ಟಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದು, ಹಿರಿಯ ಮಗ ವಕಾರ್ ಹುಟ್ಟಿದ್ದು, ಊಟ ತರಲು ತಾಯಿ ಮನೆಗೆ ಹೋಗಿದ್ದು. ಹಸಿರು ಬಳೆ ತೊಟ್ಟು ಕುಂಕುಮ ಇಟ್ಟ ಒಬ್ಬ ಹೆಂಗಸು ಕೂಸನ್ನು ಎದೆಗವಚಿಕೊಂಡು, "ನಮ್ಮ ಕೂಸು ಸಾಯ್ಲಾಕತ್ತದ ತಂಗಿ" ಎಂದಿದ್ದು. ಆ ಕ್ಷಣಕ್ಕೆ ಅವಳಿಗಾದದ್ದು ಸಂತೋಷ, ಬರೀ ಸಂತೋಷ. ಅಯ್ಯೋ, ಅದು ನಾನೇ ರೀ ಕಾಕು! ಎನ್ನುವ ಮಾತು ತುಟಿಯವರೆಗೆ ಬಂತು. ಎದ್ದು ಅಜ್ಜಿಯ ಕೈ ಹಿಡಿಯಬೇಕೆಂದು ಮುಂದಕ್ಕೆ ಬಾಗಿಯೂ ಬಿಟ್ಟಳು.

ಬಾಗಿದವಳು ಹಾಗೆಯೇ ಉಳಿದಳು.

ಒಬ್ಬ ತಾಯಿಯ ಎದೆಹಾಲು ಕುಡಿದ ಕೂಸು ಅವಳದೇ ಕೂಸು. ಅವಳು ಹೆತ್ತ ಮಕ್ಕಳೆಲ್ಲ ಅದಕ್ಕೆ ಒಡಹುಟ್ಟಿದವರು; ಮುಂದೆ ಹುಟ್ಟುವವರೂ ಅಷ್ಟೇ. ಅವರೊಳಗೆ ನಿಕಾಹ್ ಹರಾಮ್. ಇದನ್ನು ಯಾವ ಮೌಲ್ವಿಯೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಅವಳ ತಾಯಿಯೇ ಹೇಳುತ್ತಿದ್ದಳು, ಯಾರ ಕೂಸಿಗಾದರೂ ಹಾಲು ಕೊಟ್ಟರೆ ಹೆಸರು ಕೇಳು, ಊರಿಗೆ ಹೇಳು, ನೆನಪಿಡು ಎಂದು. ಅವತ್ತು ತಾಯಿಯೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕುಂಕುಮದವರ ಕೂಸು, ಇವರಿಗೂ ನಮಗೂ ಹೆಣ್ಣು ಕೊಡುವುದುಂಟೇ ತರುವುದುಂಟೇ ಎಂದುಕೊಂಡು ನೆಮ್ಮದಿಯಿಂದ ಕುಡಿಸಿದ್ದಳು. ಇತ್ತ ಮರಿಯಮ್, ಮಡಿಹುಡಿಯ ಕಾಕು ತಮ್ಮವರನ್ನಲ್ಲದೆ ಇನ್ನಾರನ್ನು ಕೇಳಿಯಾರು ಎಂದುಕೊಂಡು ನೆಮ್ಮದಿಯಿಂದ ಇದ್ದಳು.

ಇಲ್ಲ, ಬೇರೆ ಯಾರೋ ಇರಬೇಕು. ದವಾಖಾನೆಯಲ್ಲಿ ಬಾಣಂತಿಯರಿಗೇನು ಬರವೇ? ಅಮೀನಾ ಅಜ್ಜಿಯ ಕಡೆ ತಿರುಗಿದಳು.

"ಆಕಿ... ಆಕಿ ನಿಮಗ ಏನರೆ ಅಂದಿದ್ಲೇನ್ರಿ ಕಾಕು?"

"ಅನ್ನಲಾರದೇನು! ಆಕೀದು ಗಂಡು ಕೂಸೇ. ಅದೂ ಅಳ್ತಿತ್ತು. ನಾ ಅಂದೆ, ನಿಂದಕ್ಕ ಮೊದಲ ಕೊಡವಾ ಅಂತ. ಆಕಿ ನಕ್ಕೋತ ಅಂದ್ಲು, 'ಹೊರಗಿಂದ ಬಂದಾಂವ ಮೊದಲ ಕುಡೀಲಿ, ಮನಿಯಾಂವ ಆಮ್ಯಾಲ ಕುಡೀತಾನ' ಅಂತ. ಆ ಮಾತು ನಾ ಸಾಯೋ ತನಕ ಮರಿಯಂಗಿಲ್ಲ. ಹೋಗೋ ಮುಂದ ಒಂದು ಚಿಪ್ಪು ಕೆಂಪು ಬಾಳಿಹಣ್ಣು ಆಕಿ ಮಂಚದ ಮ್ಯಾಲ ಇಟ್ಟು ಬಂದೆ. ಇನ್ನೇನು ಕೊಡ್ಲಿ ನಾ, ಅಂಥಾ ತಾಯಿಗೆ?"

ಆ ಬಾಳೆಹಣ್ಣನ್ನು ಅಮೀನಾ ತಿಂದಿದ್ದಳು. ಆ ಮಾತು ಅವಳದೇ. ಟಿವಿಯಲ್ಲಿ ಸೀರಿಯಲ್ ಮತ್ತೆ ಶುರುವಾಗಿ, ಯಾರೋ ಯಾರನ್ನೋ ಮಗನೇ ಎಂದು ಕರೆದು ಅಪ್ಪಿಕೊಳ್ಳುತ್ತಿದ್ದರು. ಮರಿಯಮ್ ಒಳಗಿಂದ, "ಮುಂದೇನಾಗ್ತದ ಹೇಳ್ರಿ ಆಪಾ, ನಿಮಗೆಲ್ಲಾ ಮೊದಲೇ ಗೊತ್ತಾಗ್ತದಂತಲ್ಲ!" ಎಂದು ಕೂಗಿದಳು. ಅಮೀನಾ ಕಡ್ಡಿ, ದಾರ ಎರಡನ್ನೂ ಚೀಲಕ್ಕೆ ತುರುಕಿದಳು.

ತಲೆ ಸುತ್ತುತ್ತಿದೆ ಎಂದು ಹೇಳಿ ಎದ್ದಳು. ಮಲಗಿಕೊಳ್ಳಿ ಎಂದು ಮರಿಯಮ್ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಹೊರಗೆ ಫೈಜಾನ್ ಆಗಷ್ಟೇ ಬೈಕು ನಿಲ್ಲಿಸುತ್ತಿದ್ದ.

"ಅಮ್ಮೀ, ಮಾರಿ ಯಾಕ ಹಿಂಗಾಗ್ಯಾದ? ಕೂಡ್ರಿ, ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ."

ಮಂಗನಿಯ ದಿನದಿಂದ ಅವನು ಅಮ್ಮೀ ಎಂದೇ ಕರೆಯುತ್ತಿದ್ದ, ಅವಳು ಹಿಗ್ಗುತ್ತಿದ್ದಳು. ಇವತ್ತು ಆ ಮಾತು ಚುಚ್ಚಿತು. ಬೈಕಿನ ಹಿಂದೆ ಕುಳಿತು ಅವನ ಹೆಗಲು ಹಿಡಿಯಲು ಧೈರ್ಯವಾಗದೆ ಸೀಟಿನ ಕಂಬಿ ಹಿಡಿದುಕೊಂಡಳು. ಅವನು ನೀರಿನ ಬಾಟಲಿ ಕೊಂಡು ತಂದು, ಕಂಡಕ್ಟರನಿಗೆ "ನಮ್ಮ ಅಮ್ಮಿಗೆ ಮೈ ಸರಿ ಇಲ್ರಿ, ಮುಂದ ಸೀಟು ಕೊಡ್ರಿ" ಎಂದು ಹೇಳಿ, ಬಸ್ಸು ಹೊರಡುವ ತನಕ ಕಿಟಕಿಯ ಹತ್ತಿರವೇ ನಿಂತಿದ್ದ. ಅಮೀನಾ ಅವನ ಮುಖ ನೋಡಲಿಲ್ಲ.

ಮನೆಗೆ ಬಂದಾಗ ಅಲ್ಫಿಯಾ ಹಾಜಿರಾಳ ಮನೆಯಲ್ಲಿದ್ದಳು. ಹಮೀದ್ ಯಂತ್ರದ ಮುಂದೆ ಕುಳಿತು ಮೋತಿ ಬಣ್ಣದ ಶೇರ್ವಾನಿ ಹೊಲಿಯುತ್ತಿದ್ದ. ಅಳಿಯನ ಶೇರ್ವಾನಿ, ಬೇರೆ ಯಾರ ಕೈಗೂ ಕೊಡುವುದಿಲ್ಲವೆಂದು ಹಟ ಹಿಡಿದು ತಾನೇ ಹೊಲಿಯುತ್ತಿದ್ದ. ಅಮೀನಾ ಬುರ್ಖಾ ಕೂಡ ತೆಗೆಯದೆ ನೆಲದ ಮೇಲೆ ಕುಸಿದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಹಮೀದನ ಕಾಲು ಯಂತ್ರದ ಮೇಲೆಯೇ ನಿಂತಿತು. "ನಿನಗ ಖಾತ್ರಿ ಅದ ಏನು?"

"ನನ್ನ ಬಾಯಿ ಮಾತು ನನಗೇ ತಿರುಗಿ ಹೇಳಿದ್ರು ಆ ಅಜ್ಜಿ. ಇನ್ನೇನು ಖಾತ್ರಿ ಬೇಕು?"

"ಯಾರ್ಯಾರಿಗೆ ಗೊತ್ತದ?"

"ಅಲ್ಲಾಹ್‌ಗ. ನನಗ. ಈಗ ನಿಮಗ."

ಅವನು ಆ ಬಟ್ಟೆಯ ಮಡಿಕೆ ಸರಿಪಡಿಸಿದ. ಆಮೇಲೆ ಯಂತ್ರದ ಚಕ್ರಕ್ಕೆ ಕೈ ಹಚ್ಚಿ, "ನೀ ಹೇಳಿಲ್ಲ" ಎಂದ. "ನಾ ಕೇಳಿಲ್ಲ." ಯಂತ್ರ ಮತ್ತೆ ಕಟಕಟ ಎಂದು ಓಡತೊಡಗಿತು.

ಅಮೀನಾ ಬೆಚ್ಚಿಬಿದ್ದಳು. ಗಿರಾಕಿಯ ಬಟ್ಟೆಯಲ್ಲಿ ಒಂದು ಗೇಣು ಉಳಿದರೂ ಮಡಚಿ ವಾಪಸು ಕೊಡುವ ಮನುಷ್ಯ ಇವನು. ಐದು ಹೊತ್ತಿನ ನಮಾಜು ತಪ್ಪಿಸಿದವನಲ್ಲ. ಅವನ ಬಾಯಲ್ಲಿ ಈ ಮಾತು! ಅದಕ್ಕಿಂತ ಅವಳನ್ನು ಹೆದರಿಸಿದ್ದು ಇನ್ನೊಂದು. ಆ ಮಾತು ಕೇಳಿ ಅವಳ ಎದೆ ಹಗುರಾಗಿತ್ತು. ಬಸ್ಸಿನಲ್ಲಿ ಉದ್ದಕ್ಕೂ ಅವಳು ಬಯಸಿದ್ದೂ ಅದನ್ನೇ. ಯಾರಾದರೂ ಒಬ್ಬರು ಸುಮ್ಮನಿರು ಎಂದುಬಿಟ್ಟರೆ ಸಾಕಾಗಿತ್ತು.

ಸುಮ್ಮನಿದ್ದಳು. ಅಡುಗೆ ಮಾಡಿದಳು, ಟಿವಿ ಹಾಕಿದಳು, ಕಡ್ಡಿ ಹಿಡಿದು ಕುಳಿತಳು. ಮುಂದೇನಾಗ್ತದ ಅಮ್ಮೀ ಎಂದು ಅಲ್ಫಿಯಾ ಕೇಳಿದರೆ, ಯಾರಿಗೆ ಗೊತ್ತು ಎನ್ನುತ್ತಿದ್ದಳು. ಹೆಣೆದದ್ದೆಲ್ಲ ತಪ್ಪಾಗಿ ಬಿಚ್ಚಿ ಬಿಚ್ಚಿ ದಾರವೇ ಕೊಳೆಯಾಯಿತು. ಒಂದು ಹಸಿದ ಕೂಸಿಗೆ ಹಾಲು ಕೊಟ್ಟದ್ದಕ್ಕೆ ಇದೇ ಇನಾಮೇನು ಎಂದು ಪಾತ್ರೆ ತಿಕ್ಕುವಾಗ ಅಲ್ಲಾಹನ ಜೊತೆ ಜಗಳಾಡಿದಳು. ಕೊಡದೆ ಇದ್ದಿದ್ದರೆ ಎಂದು ಯೋಚನೆ ಬಂದ ಕೂಡಲೇ ನೀರಿನ ಬಾಟಲಿ ಹಿಡಿದು ನಿಂತ ಆ ಹುಡುಗ ಕಣ್ಣ ಮುಂದೆ ಬರುತ್ತಿದ್ದ. ತೋಬಾ ತೋಬಾ ಎಂದು ಕೆನ್ನೆಗೆ ಬಡಿದುಕೊಳ್ಳುತ್ತಿದ್ದಳು. ಅತ್ತ ಒಳಖೋಲಿಯಿಂದ ಅಲ್ಫಿಯಾಳ ನಗು ಕೇಳುತ್ತಲೇ ಇತ್ತು.

ಶುಕ್ರವಾರ ಹಾಜಿರಾ ಬಂದು ಅಲ್ಫಿಯಾಳ ಅಂಗೈ ತುಂಬ ಮೆಹಂದಿ ಹಾಕುತ್ತಾ ಕುಳಿತಳು. "ಬರೋ ವರ್ಷ ಇಷ್ಟೊತ್ತಿಗೆ ಅಮೀನಾ ಆಪಾ ನಾನಿ ಆಗಿರ್ತಾರ. ಕ್ರೋಶಾದಾಗ ಕುಂಚಿಗಿ ಹೆಣೀಲಾಕ ಈಗೇ ಶುರು ಮಾಡ್ರಿ!" ಎಂದು ಅವಳು ತಮಾಷೆ ಮಾಡಿದಳು. ಅಲ್ಫಿಯಾ ನಾಚಿ ಮೊಣಕೈಯಿಂದ ತಿವಿದಳು. ಅಮೀನಾ ಎದ್ದು ಬಚ್ಚಲಿಗೆ ಓಡಿದಳು.

ಅದೇ ಹೊತ್ತಿಗೆ ಹಮೀದ್ ಜುಮ್ಮಾ ನಮಾಜು ಮುಗಿಸಿ ಬಂದ. ಮುಖ ಹುಳ್ಳಗಾಗಿತ್ತು. ಅವಳನ್ನು ಹಿತ್ತಲಿಗೆ ಕರೆದು, "ಸಜ್ದಾಕ್ಕ ತಲಿ ಹಚ್ಚಿದೆ, ಬಾಯಿಗೆ ಒಂದು ದುಆ ಬರ್ಲಿಲ್ಲ" ಎಂದ. "ನನ್ನ ಕೈಲಿಂದ ಮಗಳ ಮುಂದ ಬಾಯಿ ತೆರೀಲಾಕ ಆಗಂಗಿಲ್ಲ, ಅಮೀನಾ. ನೀನೇ ಹೇಳು." ಹೇಳಿ, ಮಕ್ಕಳ ಹಾಗೆ ಅತ್ತುಬಿಟ್ಟ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ಅಮೀನಾ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು. ಅಲ್ಫಿಯಾ ಮೊದಲು ನಕ್ಕಳು.

"ಅಮ್ಮೀ, ಇದು ನಿನ್ನ ಸೀರಿಯಲ್ ಕತಿ ಅಲ್ಲೇನು?"

"ಅಲ್ಲ ಬೇಟಿ."

"ಮಜಾಕ್ ಮಾಡಬ್ಯಾಡ."

ತಾಯಿಯ ಮುಖ ನೋಡನೋಡುತ್ತ ಅವಳ ನಗು ಇಂಗಿತು. ಆಮೇಲೆ ಮಾತು ಸಿಡಿಯಿತು. "ಸೀರಿಯಲ್ ನೋಡಿ ನೋಡಿ ನಿನ್ನ ತಲಿ ಕೆಟ್ಟದ! ದವಾಖಾನಿದಾಗ ಸಾವಿರ ಮಂದಿ ಹಡೀತಾರ. ಯಾವುದೋ ಮುದುಕಿ ಏನೋ ಹೇಳಿದ್ಲಂತ, ಅದು ನಾನೇ ಅಂತೀ?"

ಅಮೀನಾ ಬಾಳೆಹಣ್ಣಿನಿಂದ ಹಿಡಿದು ತನ್ನದೇ ಮಾತಿನ ತನಕ ಮತ್ತೊಮ್ಮೆ ಹೇಳಿದಳು. ಅಲ್ಫಿಯಾ ಕಿವಿ ಮುಚ್ಚಿಕೊಂಡಳು.

"ಮತ್ತ ಸುಮ್ಮ ಇರಬೇಕಿತ್ತಲ್ಲ! ಯಾರಿಗೆ ಗೊತ್ತಿತ್ತು? ಯಾಕ ಹೇಳ್ದಿ ನನಗ?" ಎಂದು ಚೀರಿದಳು. ಮರುಗಳಿಗೆ, "ಬಂದ ದಿನವೇ ಯಾಕ ಹೇಳ್ಲಿಲ್ಲ? ಇಷ್ಟು ದಿನ ನಾ ಅವರ ಜೋಡಿ ಏನೇನು ಮಾತಾಡೀನಿ, ಗೊತ್ತೇನು ನಿನಗ?" ಎಂದು ಮುಖ ಮುಚ್ಚಿಕೊಂಡಳು. ಅಮೀನಾ ಮುಟ್ಟಲು ಹೋದರೆ ಕೈ ಕೊಡವಿ, ಒಳಖೋಲಿಗೆ ಹೋಗಿ ಅಗುಳಿ ಹಾಕಿಕೊಂಡಳು.

ಒಳಗಿಂದ ಅಳುವ ಸದ್ದೂ ಬರಲಿಲ್ಲ. ಅಮೀನಾ ಬಾಗಿಲಿಗೆ ಕಿವಿ ಹಚ್ಚಿ ಕುಳಿತೇ ಇದ್ದಳು. ಹಮೀದ್ ಯಂತ್ರದ ಮುಂದೆ ಕೈ ಕಟ್ಟಿ ಕುಳಿತಿದ್ದ. ಒಲೆ ಹಚ್ಚಿರಲಿಲ್ಲ, ಟಿವಿ ಹಾಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊರಗೆ ಬೈಕು ನಿಂತಿತು. ಸಲಾಂ ಎಂದು ಬಾಗಿಲಲ್ಲಿ ನಿಂತವನು ಫೈಜಾನ್. ಒಂದು ಕೈಯಲ್ಲಿ ಎಳನೀರಿನ ಚೀಲ, ಇನ್ನೊಂದು ಕೈಯಲ್ಲಿ ಹೆಲ್ಮೆಟ್ಟು.

"ಅಮ್ಮೀ, ಹ್ಯಾಂಗ ಇದ್ದೀರಿ? ಅವತ್ತಿನಿಂದ ನಮ್ಮ ಅಮ್ಮಿಗೆ ಒಂದೇ ಕಾಳಜಿ. ಫೋನ್ ಮಾಡಿದ್ರ ನೀವು ಎತ್ತಂಗಿಲ್ಲ. ಇವತ್ತ ಡ್ಯೂಟಿ ಇರ್ಲಿಲ್ಲ, ಹೋಗಿ ನೋಡಿ ಬಾ ಅಂತ ಕಳಿಸ್ಯಾಳ."

ಹಮೀದ್ ಎದ್ದು ನಿಂತ. ಅಮೀನಾ ಕುರ್ಚಿ ತೋರಿಸಿದಳು. ಹುಡುಗ ಕುಳಿತು, ಹಿರಿಯರಿಬ್ಬರ ಮುಖಗಳನ್ನೂ ನೋಡಿ, ಕಾಯಿಲೆ ದೊಡ್ಡದೇ ಇರಬೇಕೆಂದು ಗಾಬರಿಯಾದ. ಹೇಗೆ ಶುರುಮಾಡಲಿ ಎಂದು ಅಮೀನಾ ಮಾತಿಗೆ ತಡಕಾಡುತ್ತಿದ್ದಾಗ ಒಳಗಿನ ಅಗುಳಿ ತೆಗೆದ ಸದ್ದಾಯಿತು.

ಅಲ್ಫಿಯಾ ಹೊರಗೆ ಬಂದಳು. ಮಂಗನಿಯಾದ ಮೇಲೆ ಅವಳು ಅವನ ಎದುರಿಗೆ ಒಮ್ಮೆಯೂ ಬಂದಿರಲಿಲ್ಲ. ಅವನು ಬಂದಾಗಲೆಲ್ಲ ಪರದೆಯ ಹಿಂದಿನಿಂದ ಬಳೆಯ ಸದ್ದು ಮಾಡಿ ಓಡಿಹೋಗುತ್ತಿದ್ದಳು. ಇವತ್ತು ಪರದೆ ಸರಿಸಿ ನೇರವಾಗಿ ಬಂದಳು. ದುಪಟ್ಟಾ ಹೆಗಲ ಮೇಲಿತ್ತು, ತಲೆ ಬರಿದಾಗಿತ್ತು. ಅಣ್ಣ ವಕಾರನ ಎದುರಿಗೆ ಹಾಗೇ ಓಡಾಡುತ್ತಿದ್ದಳು. ಕೈಯಲ್ಲಿ ಒಂದು ಲೋಟ ನೀರಿತ್ತು. ಅಮೀನಾಳಿಗೆ ಅವಳು ಏನು ಮಾಡಹೊರಟಿದ್ದಾಳೆಂದು ಅರ್ಥವಾಯಿತು.

ಫೈಜಾನ್ ಧಡಕ್ಕನೆ ಎದ್ದು ನಿಂತ. ಮೊದಲು ಹಿರಿಯರ ಕಡೆ ನೋಡಿದ, ಅವರು ಬೈಯಲಿಲ್ಲ. ಅವನ ಮುಖ ಇಷ್ಟಗಲವಾಯಿತು. ಅಷ್ಟು ಹತ್ತಿರದಿಂದ ಅವಳ ಮುಖವನ್ನು ಅವನು ನೋಡಿದ್ದು ಅದೇ ಮೊದಲು.

"ಕೂಡ್ರಿ ಭಾಯಿ" ಎಂದಳು ಅಲ್ಫಿಯಾ. "ನೀರು ಕುಡೀರಿ. ಅಮ್ಮಿ ನಿಮಗೊಂದು ಮಾತು ಹೇಳೋದದ."

ಲೋಟಕ್ಕೆ ಕೈ ಚಾಚಿದ್ದ ಫೈಜಾನ್, ಆ ಮಾತು ಕಿವಿಗೆ ಬಿದ್ದ ಮೇಲೂ ಒಂದಷ್ಟು ಹೊತ್ತು ನಗುತ್ತಲೇ ನಿಂತಿದ್ದ.